ಗಟ್ಟಿ ಬೇರೆ, ಬಿಗಿ ಬೇರೆ: ನಲವತ್ತೈದು ಸಾವಿರದೊಳಗೆ ಒಂದು ರೋಡ್ ಬೈಕ್

"ಗಟ್ಟಿ ಐತೇನು?"

ನಮ್ಮ ಕಡೆ ಸೈಕಲ್ ಕೊಳ್ಳೋಕೆ ಹೋದವರು ಕೇಳುವ ಮೊದಲ ಪ್ರಶ್ನೆ ಇದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಊರಿನ ಅಂಗಡಿಯಲ್ಲಿ ನಿಂತರೂ ಇದನ್ನೇ ಕೇಳ್ತೀರಿ. ಯೂಟ್ಯೂಬ್ ನೋಡಿ ಬಂದ ಹುಡುಗರು ಮಾತ್ರ ಸ್ವಲ್ಪ ಬದಲಿಸಿ "ಫ್ರೇಮ್ ಸ್ಟಿಫ್ ಇದೆಯಾ?" ಅಂತಾರೆ. ಎರಡೂ ಒಂದೇ ಪ್ರಶ್ನೆ ಅಂತ ಇಬ್ಬರೂ ಅಂದುಕೊಂಡಿರ್ತಾರೆ.

ಒಂದೇ ಅಲ್ಲ. ಬಿದಿರಿನ ಗಳ ನೋಡಿ. ಚೆನ್ನಾಗಿ ಬಗ್ಗುತ್ತೆ, ಆದರೆ ಸುಲಭಕ್ಕೆ ಮುರಿಯಲ್ಲ. ಸ್ಲೇಟಿನ ಮೇಲೆ ಬರೆಯುವ ಬಳಪ ನೋಡಿ. ಕೂದಲೆಳೆಯಷ್ಟೂ ಬಗ್ಗಲ್ಲ, ಆದರೆ ಪಟ್ ಅಂತ ಮುರಿಯುತ್ತೆ. ಬಿದಿರು ಗಟ್ಟಿ, ಬಳಪ ಬಿಗಿ. ಸ್ಟಿಫ್ ಅನ್ನೋದಕ್ಕೆ ಈ ವಾರದ ಮಟ್ಟಿಗೆ ನಾನು 'ಬಿಗಿ' ಅಂತಲೇ ಬರೀತೀನಿ. ಹಳೇ ಡಬಲ್ ಬಾರ್ ಸೈಕಲ್ ಮೇಲೆ ಎರಡು ಚೀಲ ಜೋಳ ಹೇರಿಕೊಂಡು ಬಂದ ತಲೆಮಾರು ನಮ್ಮದು. ಆ ಸೈಕಲ್ ಗಟ್ಟಿ, ಅನುಮಾನವೇ ಇಲ್ಲ. ಆದರೆ ಸೀಟಿನಿಂದ ಎದ್ದು ಜೋರಾಗಿ ತುಳಿದರೆ ಕೆಳಗಡೆ ಫ್ರೇಮ್ ಆಚೆ ಈಚೆ ತೂಗೋದು ಗೊತ್ತಾಗುತ್ತೆ.

ಈ ವ್ಯತ್ಯಾಸ ಹಿಡಿದು ಕೂತಿದ್ದಕ್ಕೆ ಕಾರಣ ನನ್ನ ಚಿಗಪ್ಪನ ಮಗ. ಕೊಟ್ಟೂರಲ್ಲಿದ್ದಾನೆ, ಇಪ್ಪತ್ಮೂರು ವರ್ಷ, ಒಂದು ಆಫೀಸಿನಲ್ಲಿ ಡೇಟಾ ಎಂಟ್ರಿ ಕೆಲಸ. ಹದಿನೇಳು ಕೆ.ಜಿ. ತೂಕದ ಗೇರ್ ಸೈಕಲ್ ಒಂದನ್ನು ಒಂದೂವರೆ ವರ್ಷದಿಂದ ಭಾನುವಾರ ಭಾನುವಾರ ಕೂಡ್ಲಿಗಿಗೆ ಹೋಗಿ ಬರೋವರೆಗೆ ತುಳೀತಿದ್ದಾನೆ. ಅವನಿಗೊಂದು ಬ್ರೆವೆ ಮುಗಿಸುವ ಆಸೆ. ಬ್ರೆವೆ ಅಂದರೆ ರೇಸ್ ಅಲ್ಲ. 200 ಕಿ.ಮೀ. ದೂರವನ್ನು ಹದಿಮೂರೂವರೆ ಗಂಟೆಯೊಳಗೆ, ಯಾರ ಸಹಾಯವೂ ಇಲ್ಲದೆ ತುಳಿದು ಮುಗಿಸಬೇಕು. ಆಮೇಲೆ 300, 400, 600 ಇದೆ. ಅದಾದ ಮೇಲೆ ರೇಸ್ ಅನ್ನೋ ಕನಸೂ ಇದೆ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕ್ಲಿಂಗಲ್ಲಿ ಪದಕ ತರೋದನ್ನು ಪೇಪರಿನಲ್ಲಿ ಓದುತ್ತಾ ಬೆಳೆದವನಿಗೆ ಈ ಕನಸು ಬರೋದು ಸಹಜ.

ಚೀಟಿ ಎತ್ತಿ ಬಂದ ನಲವತ್ತೈದು ಸಾವಿರ ಅವನ ಹತ್ರ ಇತ್ತು. ಎರಡು ವರ್ಷ ತಿಂಗಳಾ ತಿಂಗಳಾ ಕಟ್ಟಿದ ದುಡ್ಡು. ಚಿಗಪ್ಪನ ವಾದ ನೇರ: "ಅಷ್ಟು ರೊಕ್ಕಕ್ಕ ಸೆಕೆಂಡ್ ಹ್ಯಾಂಡ್ ಗಾಡೀನೇ ಬರ್ತೈತಲ್ಲೋ. ತುಳಿಯೋ ಸೈಕಲ್ಲಿಗೆ ಯಾರಾದ್ರೂ ಇಷ್ಟು ಸುರೀತಾರೇನು?" ನನ್ನ ಕಡೆ ತಿರುಗಿ, "ನೀನು ಓದಿದವ, ನೀನೇ ಹೇಳಪ್ಪ ಇವನಿಗೆ" ಅಂದರು. ನಮ್ಮೂರುಗಳಲ್ಲಿ ಸೈಕಲ್ ಅಂದರೆ ಇನ್ನೂ ಗಾಡಿ ಕೊಳ್ಳಲಾಗದವರ ವಾಹನ. ಅದಕ್ಕೆ ನಲವತ್ತು ಸಾವಿರ ಹಾಕಿ, ಆರು ತಿಂಗಳಿಗೆ ಅದು ಮೂಲೆ ಸೇರಿದರೆ ಆ ಮಾತು ಅವನು ಜೀವನಪೂರ್ತಿ ಕೇಳಬೇಕಾಗುತ್ತೆ.

ಅದರ ಹಿಂದಿನ ದಿನವಷ್ಟೇ ತಮ್ಮ ನನಗೆ ವಾಟ್ಸಾಪಲ್ಲಿ ಒಂದು ಜಾಹೀರಾತು ಕಳಿಸಿದ್ದ. ಬಳಸಿದ ಕಾರ್ಬನ್ ರೇಸ್ ಫ್ರೇಮ್, ಇಪ್ಪತ್ತೆಂಟು ಸಾವಿರ. "ಸೂಪರ್ ಸ್ಟಿಫ್, ರೇಸ್ ರೆಡಿ" ಅಂತ ಬರೆದಿತ್ತು. ಕೆಳಗೆ ಅವನ ಪ್ರಶ್ನೆ: "ಅಣ್ಣ, ಇದನ್ನ ಹಿಡಿದುಬಿಡ್ಲಾ?"

ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಸೇರಿದ ಸಾವಿರಾರು ಜನರಲ್ಲಿ ನಾನೂ ಒಬ್ಬ. ಮೂರನೇ ಸೆಮಿಸ್ಟರಿನ ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್ ಕೊನೆಗೂ ಒಂದು ಕೆಲಸಕ್ಕೆ ಬಂತು.

ಬಿಗಿ ಎಲ್ಲಿಂದ ಬರುತ್ತೆ?

ಮೊದಲಿಗೆ ಒಂದು ಅಚ್ಚರಿಯ ವಿಷಯ. ಉಕ್ಕಿನಲ್ಲಿ ಹತ್ತಾರು ಬಗೆ ಇದೆ. ಅಗ್ಗದ ಸೈಕಲ್ಲಿನ ಮಾಮೂಲಿ ಉಕ್ಕು, ದುಬಾರಿ ಸೈಕಲ್ಲಿನ ಕ್ರೋಮೋಲಿ ಉಕ್ಕು, ಹೀಗೆ. ಮುರಿಯದಿರುವ ಶಕ್ತಿಯಲ್ಲಿ ಇವುಗಳ ನಡುವೆ ದೊಡ್ಡ ಅಂತರ ಇದೆ. ಬಿಗಿತನದಲ್ಲಿ ಅಂತರ ಇಲ್ಲ ಅಂದರೂ ನಡೆಯುತ್ತೆ. ಎಲ್ಲಾ ಉಕ್ಕಿನ ಬಿಗಿತನದ ಅಂಕಿ ಸುಮಾರು 200 ಗಿಗಾಪ್ಯಾಸ್ಕಲ್. ಅಲ್ಯೂಮಿನಿಯಮ್ಮಿನಲ್ಲೂ ಅಷ್ಟೆ. 6061 ಇರಲಿ, 7005 ಇರಲಿ, ಸುಮಾರು 70. ಸ್ಟಿಕರ್ ಮೇಲೆ ಅಲಾಯ್ ನಂಬರ್ ನೋಡಿ "ಇದು ಜಾಸ್ತಿ ಸ್ಟಿಫ್" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದ್ರೆ ಉಕ್ಕಿನ ಮೂರನೇ ಒಂದು ಪಾಲಷ್ಟೇ ಬಿಗಿ ಇರುವ ಅಲ್ಯೂಮಿನಿಯಮ್ಮಿನ ಫ್ರೇಮ್ ಬಿಗಿಯಾಗಿರೋದು ಹೇಗೆ? ಕೊಳವೆಯ ಅಳತೆಯಿಂದ. ಹೊಲಕ್ಕೆ ನೀರು ಹಾಯಿಸುವ ಪಿವಿಸಿ ಪೈಪ್ ಹೊತ್ತವರಿಗೆ ಇದು ಗೊತ್ತಿರುತ್ತೆ. ಒಂದಿಂಚಿನ ಪೈಪನ್ನು ಎರಡು ತುದಿ ಹಿಡಿದು ಎತ್ತಿದರೆ ನಡುವೆ ಜೋತು ಬೀಳುತ್ತೆ. ನಾಲ್ಕಿಂಚಿನದು ನೆಟ್ಟಗೆ ನಿಲ್ಲುತ್ತೆ.

ಲೆಕ್ಕದಲ್ಲಿ ಹೇಳಬೇಕಂದರೆ, ತೆಳು ಕೊಳವೆ ಬಗ್ಗದಿರುವ ಶಕ್ತಿ ಅದರ ಅಡ್ಡಳತೆಯ ಘನಕ್ಕೆ ತಕ್ಕಂತೆ ಏರುತ್ತೆ, ಗೋಡೆಯ ದಪ್ಪಕ್ಕೆ ಮಾತ್ರ ನೇರವಾಗಿ. ಒಂದೇ ತೂಕದ ಲೋಹ ಇಟ್ಟುಕೊಂಡು ಅಡ್ಡಳತೆ ಎರಡು ಪಟ್ಟು ಮಾಡಿ, ಗೋಡೆಯನ್ನು ಅರ್ಧಕ್ಕೆ ತೆಳು ಮಾಡಿದರೆ ನಾಲ್ಕು ಪಟ್ಟು ಬಿಗಿ ಸಿಗುತ್ತೆ. ಹಳೇ ಉಕ್ಕಿನ ರೋಡ್ ಬೈಕ್‌ಗಳ ಡೌನ್ ಟ್ಯೂಬ್, ಅಂದರೆ ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ, 28.6 ಮಿ.ಮೀ. ಇರ್ತಿತ್ತು. ಅದನ್ನೇ ಅಲ್ಯೂಮಿನಿಯಮ್ಮಿನಲ್ಲಿ 44 ಮಿ.ಮೀ. ಮಾಡಿ, ಗೋಡೆ ದಪ್ಪ ಹಾಗೇ ಬಿಟ್ಟರೆ, ಬಿಗಿ ಉಕ್ಕಿಗಿಂತ ಸುಮಾರು ಐದನೇ ಒಂದು ಪಾಲು ಜಾಸ್ತಿ, ತೂಕ ಹತ್ತಿರ ಹತ್ತಿರ ಅರ್ಧ. ನಿಜದ ಫ್ರೇಮುಗಳಲ್ಲಿ ಅಲ್ಯೂಮಿನಿಯಮ್ ಗೋಡೆಯನ್ನು ಇನ್ನಷ್ಟು ದಪ್ಪ ಇಡ್ತಾರೆ, ಹಾಗಾಗಿ ಬಿಗಿ ಇನ್ನೂ ಹೆಚ್ಚು.

ಇದನ್ನು ಕಂಡುಕೊಂಡದ್ದು ಇವತ್ತಿನವರಲ್ಲ. 1970ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಗ್ಯಾರಿ ಕ್ಲೈನ್ ದಪ್ಪ ಕೊಳವೆಯ ಅಲ್ಯೂಮಿನಿಯಮ್ ಫ್ರೇಮ್ ಕೆಲಸ ಶುರು ಮಾಡಿದರು. 1983ರಲ್ಲಿ ಕ್ಯಾನನ್‌ಡೇಲ್ ತನ್ನ ಮೊದಲ ಸೈಕಲ್ ತಂದಾಗ ಅದರಲ್ಲೂ ಇದೇ ದಪ್ಪ ಕೊಳವೆ. ಆಗ ಅದು ದುಬಾರಿ ತಂತ್ರ. ಇವತ್ತು ಮೂವತ್ತು ಸಾವಿರದ ಆಸುಪಾಸಿನ ರೋಡ್ ಬೈಕ್‌ನಲ್ಲೂ ಅದೇ ಇದೆ. ನಲವತ್ತು ವರ್ಷದ ಹಿಂದೆ ಯುರೋಪಿನ ರೇಸಿಗರು ಆಸೆಪಡುತ್ತಿದ್ದ ಬಿಗಿ ಈಗ ಅಗ್ಗದ ಸರಕಾಗಿಬಿಟ್ಟಿದೆ. ಅದಕ್ಕೆ ಅಂತ ಹೆಚ್ಚು ದುಡ್ಡು ಕೊಡುವ ಅಗತ್ಯ ಉಳಿದಿಲ್ಲ.

ಎಷ್ಟು ಬಿಗಿ ಸಾಕು?

ಫ್ರೇಮ್ ಬಗ್ಗಿದರೆ ಕಾಲಿನ ಶಕ್ತಿ ಪೋಲಾಗುತ್ತೆ ಅನ್ನೋದು ಎಲ್ಲರ ವಾದ. ಅರ್ಧ ಸರಿ. ಲೋಹ ಬಗ್ಗೋದು ಸ್ಪ್ರಿಂಗಿನ ಹಾಗೆ. ಬಗ್ಗಿಸಲು ಹಾಕಿದ ಶಕ್ತಿಯ ಬಹುಪಾಲನ್ನು ಅದು ವಾಪಸ್ ಬರುವಾಗ ಹಿಂತಿರುಗಿಸುತ್ತೆ.

1980ರ ದಶಕದಲ್ಲಿ ಐರ್ಲೆಂಡಿನ ಶಾನ್ ಕೆಲ್ಲಿ ಓಡಿಸುತ್ತಿದ್ದ ಫ್ರೇಮ್ ವೀಟಸ್ 979. ಸಣ್ಣ ಅಡ್ಡಳತೆಯ ಅಲ್ಯೂಮಿನಿಯಮ್ ಕೊಳವೆಗಳನ್ನು ಅಂಟಿನಿಂದ ಜೋಡಿಸಿದ ಫ್ರೇಮ್ ಅದು. ಬಗ್ಗುವುದಕ್ಕೇ ಹೆಸರಾಗಿತ್ತು. ಕೆಲ್ಲಿ ಏನು ಮೆಲ್ಲಗೆ ತುಳಿಯುವವರಲ್ಲ, ಕೊನೆಯ ಇನ್ನೂರು ಮೀಟರಲ್ಲಿ ನುಗ್ಗಿ ಗೆಲ್ಲುವ ಸ್ಪ್ರಿಂಟರ್. ಕಲ್ಲು ಹಾಸಿನ ಮೇಲೆ ಓಡುವ ಪ್ಯಾರಿಸ್–ರೂಬೇ ರೇಸನ್ನು 1984 ಮತ್ತು 1986ರಲ್ಲಿ ಎರಡು ಸಲ ಗೆದ್ದರು. ಫ್ರೇಮ್ ಬಗ್ಗೋದರಿಂದಲೇ ಸೋಲು ಗೆಲುವು ನಿರ್ಧಾರ ಆಗೋದಾದರೆ ಅವರ ದಾಖಲೆ ಪುಸ್ತಕ ಇಷ್ಟು ದಪ್ಪ ಇರ್ತಿರಲಿಲ್ಲ.

ತೂಕದ ಲೆಕ್ಕವನ್ನೂ ನೋಡೋಣ. ಸವಾರ, ಸೈಕಲ್ ಸೇರಿ 80 ಕೆ.ಜಿ. ಅಂತಿಟ್ಟುಕೊಳ್ಳಿ. ನೂರಕ್ಕೆ ಐದರ ಏರಿನಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಒಂದು ಕಿ.ಮೀ. ಹತ್ತೋಕೆ ಆರು ನಿಮಿಷ. ಫ್ರೇಮ್ ಒಂದು ಕೆ.ಜಿ. ಹಗುರಾದರೆ ಉಳಿಯೋದು ಐದು ಸೆಕೆಂಡಿಗೂ ಕಡಿಮೆ. ನಮ್ಮ ಕಡೆ ಅಷ್ಟು ಉದ್ದದ ಏರು ಹುಡುಕಿಕೊಂಡೇ ಹೋಗಬೇಕು.

ಬಯಲು ಸೀಮೆಯಲ್ಲಿ ನಿಜವಾದ ಎದುರಾಳಿ ಗಾಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 28–30 ಕಿ.ಮೀ. ವೇಗದಲ್ಲಿ ನೀವು ಹಾಕುವ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದಿಂದ ಬೀಸುವ ಗಾಳಿಗೆ ಎದುರಾಗಿ ಕೊಟ್ಟೂರಿನಿಂದ ಹರಪನಹಳ್ಳಿಗೆ ತುಳಿದು ನೋಡಿ, ಫ್ರೇಮಿನ ಬಿಗಿ ಮರೆತೇ ಹೋಗುತ್ತೆ. ಅಲ್ಲಿ ಕೆಲಸಕ್ಕೆ ಬರೋದು ಬೆನ್ನು ಬಗ್ಗಿಸಿ, ಮೊಣಕೈ ಮಡಚಿ, ಎರಡು ಗಂಟೆ ನೋವಿಲ್ಲದೆ ಕೂರಲು ಆಗುವ ಅಳತೆಯ ಸೈಕಲ್. ಅಂದರೆ ಫ್ರೇಮಿನ ಸೈಜ್.

ನಮ್ಮ ರಸ್ತೆ ಏನು ಕೇಳುತ್ತೆ?

ಈ ಐದು ಊರುಗಳನ್ನು ಒಂದು ಸುತ್ತು ಹಾಕಿದರೆ ಸುಮಾರು 150 ಕಿ.ಮೀ. ಆಗುತ್ತೆ. ವಿಜಯನಗರ ಜಿಲ್ಲೆಯ ಆರು ತಾಲೂಕುಗಳಲ್ಲಿ ಹೊಸಪೇಟೆ ಬಿಟ್ಟು ಮಿಕ್ಕ ಐದೂ ಬಂದಹಾಗೆ. ಕೂಡ್ಲಿಗಿ ಹತ್ರ ರಾಷ್ಟ್ರೀಯ ಹೆದ್ದಾರಿ ಸಿಗುತ್ತೆ, ನುಣುಪು ರಸ್ತೆ, ಆದರೆ ಲಾರಿಗಳ ಸಾಲು. ಒಳಗಿನ ರಸ್ತೆಗಳಲ್ಲಿ ಡಾಂಬರಿನ ಅಂಚು ಕಿತ್ತು ಬಂದಿರುತ್ತೆ, ಪ್ರತಿ ಹಳ್ಳಿಗೂ ಒಂದೆರಡು ಹಂಪ್. ಸುಗ್ಗಿಯಲ್ಲಿ ಅರ್ಧ ರಸ್ತೆಯ ಮೇಲೆ ಮೆಕ್ಕೆಜೋಳವೋ ಸಜ್ಜೆಯೋ ಒಣಗ್ತಿರುತ್ತೆ. ಎಲ್ಲದರ ಮೇಲೆ ನಮ್ಮ ಜಿಲ್ಲೆಯ ಹಳೇ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ. ಅದರ ಮುಳ್ಳಿಗೆ ಟೈರಿನ ಬ್ರಾಂಡು ಗೊತ್ತಿಲ್ಲ.

ಇಂಥ ರಸ್ತೆಗೆ ಸವಾರನಿಗೆ ಬೇಕಾದ ಮೆತ್ತಗಿನ ಅನುಭವ ಕೊಡೋದು ಫ್ರೇಮ್ ಅಲ್ಲ, ಟೈರು. ಫ್ರೇಮಿನ ತ್ರಿಕೋನ ಮೇಲೆ ಕೆಳಗೆ ಕುಗ್ಗೋದು ಕಣ್ಣಿಗೆ ಕಾಣದಷ್ಟು. 32 ಮಿ.ಮೀ. ಟೈರು 25 ಮಿ.ಮೀ. ಟೈರಿಗಿಂತ ಕಡಿಮೆ ಗಾಳಿಯಲ್ಲಿ ಓಡುತ್ತೆ, ಹಂಪ್ ಮತ್ತು ಗುಂಡಿಯ ಏಟನ್ನು ತಾನೇ ನುಂಗಿಕೊಳ್ಳುತ್ತೆ. ಒರಟು ಡಾಂಬರಿನ ಮೇಲೆ ಕುಲುಕಾಟ ಕಡಿಮೆ ಆದಷ್ಟೂ ದಣಿವು ಕಡಿಮೆ.

ಹಾಗಾಗಿ ಫ್ರೇಮ್ ನೋಡುವಾಗ ಕೇಳಬೇಕಾದ ಪ್ರಶ್ನೆ: "ಇದರಲ್ಲಿ ಎಷ್ಟು ಅಗಲದ ಟೈರು ಹಿಡಿಸುತ್ತೆ?" ಕನಿಷ್ಠ 28, ಆದರೆ 32. ಹತ್ತು ವರ್ಷ ಹಳೆಯ ರೇಸ್ ಫ್ರೇಮುಗಳಲ್ಲಿ ಬಹಳಷ್ಟಕ್ಕೆ 25ರ ಮೇಲೆ ಜಾಗವೇ ಇರಲ್ಲ. ತಮ್ಮ ಕಳಿಸಿದ ಕಾರ್ಬನ್ ಫ್ರೇಮೂ ಅದೇ ಜಾತಿಯದ್ದು.

ಎರಡನೇ ಪ್ರಶ್ನೆ ಬಾಟಮ್ ಬ್ರಾಕೆಟ್‌ದು. ಪೆಡಲ್‌ಗಳ ನಡುವಿನ ಅಚ್ಚು ಕೂರುವ ಜಾಗ ಅದು. ಅದು ತಿರುಪು ಇರುವಂಥದ್ದಾಗಿರಲಿ, ಒತ್ತಿ ಕೂರಿಸುವಂಥದ್ದು ಬೇಡ. ತಿರುಪಿನ ಈ ಅಳತೆಗೆ ಬಿಎಸ್‌ಎ ಅಂತಲೇ ಹೆಸರು. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಅನ್ನೋ ಇಂಗ್ಲೆಂಡಿನ ಬಂದೂಕು ಕಂಪನಿಯ ಹೆಸರದು. ನಮ್ಮ ಅಪ್ಪಂದಿರ ಬಿಎಸ್‌ಎ ಸೈಕಲ್ಲಿನ ಹೆಸರೂ ಅಲ್ಲಿಂದಲೇ ಬಂದದ್ದು. ಸರಿಯಾದ ಪಾನಾ ಕೈಯಲ್ಲಿದ್ದರೆ ಇದನ್ನು ಬಿಚ್ಚಿ ಗ್ರೀಸ್ ಹಾಕಿ ಕೂರಿಸೋದು ನಮ್ಮೂರಿನ ಮೇಸ್ತ್ರಿಗೂ ಕಷ್ಟವಲ್ಲ. ಒತ್ತಿ ಕೂರಿಸುವ ಬಗೆಯದು ಕಿರುಗುಟ್ಟೋಕೆ ಶುರು ಮಾಡಿದರೆ ದೊಡ್ಡ ಊರಿನ ಬಸ್ ಹತ್ತಬೇಕು. ಬ್ರೇಕ್, ಗೇರಿನ ಕೇಬಲ್ಲುಗಳು ಫ್ರೇಮಿನ ಹೊರಗೆ ಕಾಣುವ ಹಾಗೆ ಓಡಿದ್ದರೂ ಇದೇ ಲಾಭ.

ಖರ್ಚಿಲ್ಲದ ಐದು ಪರೀಕ್ಷೆ

ಹೊಸದಿರಲಿ, ಹಳೆಯದಿರಲಿ, ದುಡ್ಡು ಕೊಡುವ ಮೊದಲು ಇಷ್ಟು ಮಾಡಿ.

ಒಂದು, ಕಣ್ಣು. ಡೌನ್ ಟ್ಯೂಬ್ ದಪ್ಪ ಇದೆಯಾ, ಹಿಂದಿನ ಚಕ್ರಕ್ಕೆ ಹೋಗುವ ಎರಡು ಚೈನ್ ಸ್ಟೇಗಳು ಬಾಟಮ್ ಬ್ರಾಕೆಟ್ ಹತ್ರ ಅಗಲವಾಗಿ ಕೂತಿವೆಯಾ ನೋಡಿ. ಬಿಗಿ ಬೇಕಾದ ಜಾಗ ಇವೇ.

ಎರಡು, ಪಾದ. ಸೈಕಲ್ ಪಕ್ಕ ನಿಂತು, ಸೀಟು ಮತ್ತು ಹ್ಯಾಂಡಲ್ ಹಿಡಿದು, ನಿಮ್ಮ ಕಡೆಯ ಪೆಡಲನ್ನು ಕೆಳಗೆ ತಂದು, ಸೈಕಲ್ಲನ್ನು ಸ್ವಲ್ಪ ನಿಮ್ಮ ಕಡೆ ವಾಲಿಸಿ ಪೆಡಲ್ ಬುಡವನ್ನು ಪಾದದಿಂದ ಪಕ್ಕಕ್ಕೆ ಒತ್ತಿ. ಕೆಳಭಾಗ ಎಷ್ಟು ಸರಿಯುತ್ತೆ ಕಾಣುತ್ತೆ. ಅಂಗಡಿಯಲ್ಲಿರುವ ಎರಡು ಮೂರು ಸೈಕಲ್ಲಿಗೆ ಇದನ್ನೇ ಮಾಡಿ ಹೋಲಿಸಿ.

ಮೂರು, ಸವಾರಿ. ಏರಿನಲ್ಲಿ ಎದ್ದು ತುಳಿಯಿರಿ. ಚೈನು ಮುಂದಿನ ಗೇರಿನ ತಗಡಿಗೆ ಉಜ್ಜಿದರೆ ಕೆಳಗೆ ಬಗ್ಗುತ್ತಿದೆ ಅಂತ ಅರ್ಥ. ರಿಮ್ ಬ್ರೇಕ್ ಇದ್ದು, ಬ್ರೇಕಿನ ರಬ್ಬರಿಗೆ ಚಕ್ರ ಉಜ್ಜಿದರೆ ಫ್ರೇಮನ್ನು ಬೈಯುವ ಮೊದಲು ಕಡ್ಡಿ ನೋಡಿ. "ಫ್ರೇಮ್ ಮೆತ್ತಗಿದೆ" ಅನ್ನೋ ಎಷ್ಟೋ ದೂರುಗಳ ಹಿಂದೆ ಇರೋದು ಸಡಿಲ ಕಡ್ಡಿ, ಸಡಿಲ ಹೆಡ್‌ಸೆಟ್, ಸರಿಯಾಗಿ ಬಿಗಿಯದ ಚಕ್ರದ ಅಚ್ಚು. ಕಡ್ಡಿ ಎಳೆದು ಕೊಡೋಕೆ ಊರಿನ ಮೇಸ್ತ್ರಿ ತಗೊಳ್ಳೋದು ಕಾಫಿ ತಿಂಡಿಯ ದುಡ್ಡು.

ನಾಲ್ಕು, ದಾರ. ಹಳೇ ಫ್ರೇಮ್ ಸೊಟ್ಟಗಿದೆಯಾ ತಿಳಿಯೋಕೆ ಇದು ಸಾಕು. ಹಿಂದಿನ ಚಕ್ರ ಕೂರುವ ಒಂದು ಬದಿಯ ತುದಿಗೆ ದಾರ ಕಟ್ಟಿ, ಮುಂದೆ ಹೆಡ್ ಟ್ಯೂಬಿಗೆ ಬಳಸಿ, ಇನ್ನೊಂದು ಬದಿಯ ತುದಿಗೆ ಎಳೆದು ಕಟ್ಟಿ. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕೆ ಇರುವ ಅಂತರ ಸ್ಕೇಲಿನಲ್ಲಿ ಅಳೆಯಿರಿ. ಎರಡೂ ಒಂದೇ ಇರಬೇಕು. ಒಂದು ಮಿ.ಮೀ. ಆಚೀಚೆ ಪರವಾಗಿಲ್ಲ. ನಾಲ್ಕೈದು ಬಂದರೆ ನಮಸ್ಕಾರ ಹೇಳಿ ಬನ್ನಿ.

ಐದು, ಬಟ್ಟೆ ಮತ್ತು ಟಾರ್ಚು. ಫ್ರೇಮ್ ಒರೆಸಿ, ಡೌನ್ ಟ್ಯೂಬ್ ಹೆಡ್ ಟ್ಯೂಬಿಗೆ ಸೇರುವ ಜಾಗದ ಅಡಿಭಾಗ, ಬಾಟಮ್ ಬ್ರಾಕೆಟ್ ಸುತ್ತ, ಹಿಂದಿನ ಚಕ್ರದ ತುದಿಗಳು, ಸೀಟ್ ಹಿಡಿಯುವ ಪಟ್ಟಿಯ ಕೆಳಗೆ, ಇಷ್ಟನ್ನೂ ಮೊಬೈಲ್ ಟಾರ್ಚಲ್ಲಿ ನೋಡಿ. ಬಣ್ಣದಲ್ಲಿ ಕೂದಲಿನಂಥ ಗೆರೆ ಕಂಡರೆ ಅದನ್ನು ಬರೀ ಬಣ್ಣದ ಬಿರುಕು ಅಂತ ಮಾರುವವರು ಹೇಳಿದರೂ ಬೇಡ. ಅಲ್ಯೂಮಿನಿಯಮ್ ದಣಿದು ಸೀಳುವುದು ಇಂಥ ಜಾಗಗಳಲ್ಲೇ. ಸೀರಿಯಲ್ ನಂಬರ್ ಮತ್ತು ಬಿಲ್ ಕೇಳೋದು ಮರೀಬೇಡಿ. ಬಿಲ್ಲಿಲ್ಲದ ಸೈಕಲ್ ಕದ್ದದ್ದೂ ಆಗಿರಬಹುದು.

ಕಾರ್ಬನ್ ಬಗ್ಗೆ ಎರಡು ಮಾತು. ಅದು ಕೆಟ್ಟದ್ದಲ್ಲ. ಎಳೆಗಳನ್ನು ಬೇಕಾದ ದಿಕ್ಕಿಗೆ ಜೋಡಿಸಿ ಒಂದು ಕಡೆ ಬಿಗಿ, ಒಂದು ಕಡೆ ಮೆತ್ತಗೆ ಮಾಡಬಹುದು, ಲೋಹದಲ್ಲಿ ಅದು ಅಷ್ಟು ಸಲೀಸಲ್ಲ. ಆದರೆ ಬಿದ್ದ ಕಾರ್ಬನ್ನಿನ ಒಳಗಿನ ಏಟು ಹೊರಗೆ ಕಾಣದೆಯೂ ಇರಬಹುದು. ನಾಣ್ಯದಿಂದ ತಟ್ಟಿ ಸದ್ದು ಬದಲಾಗುತ್ತಾ ಕೇಳುವ ಪದ್ಧತಿ ಇದೆ, ಆದರೆ ಅದಕ್ಕೆ ಪಳಗಿದ ಕಿವಿ ಬೇಕು. ಕೊಟ್ಟೂರಿನಲ್ಲಿ ಕೂತು ಫೋಟೊ ನೋಡಿ ಇದನ್ನೆಲ್ಲ ತಿಳಿಯೋಕೆ ಆಗಲ್ಲ. ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹೋಗುವಾಗ ಮುಂದಿನ ಫೋರ್ಕ್ ಕೈಕೊಟ್ಟರೆ ಏನಾಗುತ್ತೆ ಅಂತ ನಾನು ತಮ್ಮನಿಗೆ ಬಿಡಿಸಿ ಹೇಳಲಿಲ್ಲ. ಅವನೇ ಊಹಿಸಿಕೊಂಡ.

ದುಡ್ಡಿನ ಲೆಕ್ಕದಲ್ಲೂ ಅದು ಕೂಡಿ ಬರಲಿಲ್ಲ. ಇಪ್ಪತ್ತೆಂಟು ಸಾವಿರಕ್ಕೆ ಬರೋದು ಬರೀ ಫ್ರೇಮ್, ಫೋರ್ಕ್. ಚಕ್ರ, ಗೇರ್, ಬ್ರೇಕ್, ಹ್ಯಾಂಡಲ್, ಸೀಟು ಬಿಡಿ ಬಿಡಿಯಾಗಿ ಕೊಂಡರೆ ಅವನ ಚೀಟಿ ದುಡ್ಡು ಸಾಲಲ್ಲ. ಈ ಬೆಲೆಯಲ್ಲಿ ಪೂರ್ತಿ ಸೈಕಲ್ ಕೊಳ್ಳೋದೇ ಫ್ರೇಮ್ ಕೊಳ್ಳುವ ಅಗ್ಗದ ದಾರಿ. ಚೈನು, ಟೈರು, ಬ್ರೇಕಿನ ರಬ್ಬರು ಸವೆದು ಬದಲಾಗುತ್ತವೆ. ಫ್ರೇಮ್ ಉಳಿಯುತ್ತೆ. ಹಾಗಾಗಿ ಗೇರ್ ಎಂಟೋ ಒಂಬತ್ತೋ ಅಂತ ತಲೆಕೆಡಿಸಿಕೊಳ್ಳದೆ ಫ್ರೇಮ್ ನೋಡಿ ಆರಿಸಿ.

ಅಳತೆ ಮೊದಲು, ಬಣ್ಣ ಆಮೇಲೆ

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಒಂದು ದಪ್ಪ ಪುಸ್ತಕವನ್ನು ತೊಡೆಗಳ ನಡುವೆ, ಸೀಟಿನ ಮೇಲೆ ಕೂತ ಹಾಗೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ತಮ್ಮನದು 80 ಸೆಂ.ಮೀ. ಬಂತು. ಅದನ್ನು 0.883ರಿಂದ ಗುಣಿಸಿದರೆ ಬಾಟಮ್ ಬ್ರಾಕೆಟ್ ನಡುವಿನಿಂದ ಸೀಟಿನ ಮೇಲ್ಭಾಗದ ಎತ್ತರ, ಅವನಿಗೆ ಸುಮಾರು 70.6 ಸೆಂ.ಮೀ. ಇದು ಅಮೆರಿಕದ ಗ್ರೆಗ್ ಲೆಮಾಂಡ್ ಜನಪ್ರಿಯಗೊಳಿಸಿದ ಸೂತ್ರ. 0.65ರಿಂದ 0.67ರಿಂದ ಗುಣಿಸಿದರೆ ಹಳೇ ಪದ್ಧತಿಯ ಫ್ರೇಮ್ ಸೈಜ್, ಅವನಿಗೆ 52–53. ಇದು ಶುರುವಿನ ಅಂದಾಜು ಮಾತ್ರ. ಈಗಿನ ಇಳಿಜಾರು ಟಾಪ್ ಟ್ಯೂಬಿನ ಫ್ರೇಮುಗಳಿಗೆ ಕಂಪನಿಯ ಸೈಜ್ ಪಟ್ಟಿ ನೋಡಿ, ಆಮೇಲೆ ಹತ್ತು ನಿಮಿಷ ಕೂತು ಓಡಿಸಿ.

ಜಾಹೀರಾತಿನ ಕಾರ್ಬನ್ ಫ್ರೇಮ್ ಸೈಜ್ 56. ಉದ್ದದ ಸೈಕಲ್ ಮೇಲೆ ಚಾಚಿ ಚಾಚಿ ಇನ್ನೂರು ಕಿ.ಮೀ. ಹೋದರೆ ಕತ್ತು, ಭುಜ, ಬೆನ್ನು ಮೂರೂ ಒಟ್ಟಿಗೆ ಕೈ ಎತ್ತುತ್ತವೆ. ಅಳತೆ ತಪ್ಪಿದ ಬಿಗಿ ಫ್ರೇಮಿಗಿಂತ ಅಳತೆಗೆ ಕೂತ ಸಾಧಾರಣ ಫ್ರೇಮೇ ಬೇಗ ಊರು ಮುಟ್ಟಿಸುತ್ತೆ.

ನಲವತ್ತೈದು ಸಾವಿರ ಹೋದದ್ದು ಹೀಗೆ

ಕೊನೆಗೆ ತಗೊಂಡದ್ದು ಹೊಸ ಅಲ್ಯೂಮಿನಿಯಮ್ ರೋಡ್ ಬೈಕ್. 6061 ಅಲಾಯ್, ದಪ್ಪ ಡೌನ್ ಟ್ಯೂಬ್, ಉಕ್ಕಿನ ಫೋರ್ಕ್, ತಿರುಪಿನ ಬಾಟಮ್ ಬ್ರಾಕೆಟ್, 32ರ ಟೈರಿಗೆ ಜಾಗ. 34,000 ಆಯ್ತು. 32 ಮಿ.ಮೀ. ಟೈರು ಜೋಡಿ 3,000. ಹೆಲ್ಮೆಟ್ 1,500. ಪಂಪು, ಎರಡು ಟ್ಯೂಬು, ಲಿವರ್, ಪ್ಯಾಚು ಸೇರಿ 1,500. ಮುಂದೆ ಹಿಂದೆ ಲೈಟು 1,200. ಪ್ಯಾಡ್ ಇರುವ ಚಡ್ಡಿ 1,000. ಒಟ್ಟು 42,200. ಉಳಿದ 2,800 ರೂಪಾಯಿ ಮುಟ್ಟಬಾರದು ಅಂತ ಒಪ್ಪಂದ. ಮೊದಲ ಸಾವಿರ ಕಿ.ಮೀ. ನಂತರ ಕಡ್ಡಿ, ಕೇಬಲ್ಲು, ಚೈನಿಗೆ ಅಂತ ಅದು.

ಈ ಪಟ್ಟಿಯಲ್ಲಿ ಫ್ರೇಮಿಗಿಂತ ಮುಖ್ಯವಾದ ಸಾಲು ಹೆಲ್ಮೆಟ್ಟು, ಲೈಟಿನದು. ಪೂರ್ತಿ ಬಜೆಟ್ಟನ್ನು ಸೈಕಲ್ಲಿಗೇ ಸುರಿದು ಕತ್ತಲೆಯಲ್ಲಿ ಲೈಟಿಲ್ಲದೆ ಹೊರಡುವವರನ್ನು ನೋಡಿದ್ದೀನಿ. ಸೈಕಲ್ಲಿನ ಬೆಲೆ ಬಜೆಟ್ಟಿನ ಮುಕ್ಕಾಲು ಪಾಲು ದಾಟದಿರಲಿ.

ಸೈಕಲ್ ಮನೆಗೆ ಬಂದಾಗ ಚಿಗಪ್ಪ ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದರು. "ಭಾರಾನೇ ಇಲ್ಲಲ್ಲೋ. ಮುರಿಯಂಗಿಲ್ಲೇನು ಇದು?" ಮತ್ತೆ ಅದೇ ಗಟ್ಟಿಯ ಪ್ರಶ್ನೆ. ನಾನು ಪಿವಿಸಿ ಪೈಪಿನ ಕಥೆ ಹೇಳಿದೆ. ಪೈಪ್ ಹೊತ್ತು ಮೂವತ್ತು ವರ್ಷ ಕಳೆದವರಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಹಿಂದೆ ಕ್ಯಾರಿಯರ್ ಇಲ್ಲದ್ದಕ್ಕೆ ಮಾತ್ರ ಇನ್ನೂ ಅಸಮಾಧಾನ ಇದೆ.

ಜೂನ್ ಕೊನೆಯ ಒಂದು ಭಾನುವಾರ ತಮ್ಮ ಐದೂರಿನ ಸುತ್ತು ಹಾಕಿದ. ಗಾಳಿ ಏಳುವ ಮೊದಲೇ ಪಶ್ಚಿಮದ ಹಾದಿ ಮುಗಿಸಬೇಕು ಅಂತ ನಸುಕಿಗೇ ಕೊಟ್ಟೂರು ಬಿಟ್ಟ. ಹರಪನಹಳ್ಳಿಯಲ್ಲಿ ಇಡ್ಲಿ, ಹಡಗಲಿಯಲ್ಲಿ ಚಹಾ. ಅಲ್ಲಿಂದ ಪೂರ್ವಕ್ಕೆ ಗಾಳಿ ಬೆನ್ನಿಗೆ ಬಂತು, ಹಗರಿಬೊಮ್ಮನಹಳ್ಳಿ ಹೇಗೆ ಬಂತೋ ಗೊತ್ತೇ ಆಗಲಿಲ್ಲವಂತೆ. ಅದೇ ತಾಲೂಕಿನ ಅಂಕಸಮುದ್ರದ ಪಕ್ಷಿಧಾಮ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದೆ, ಅದನ್ನು ನೋಡೋಕೆ ಇನ್ನೊಂದು ದಿನ ಬರ್ತೀನಿ ಅಂತ ಬಿಟ್ಟ. ಕೂಡ್ಲಿಗಿ ದಾಟಿ ಜಾಲಿ ಮುಳ್ಳು ಚುಚ್ಚಿತು, ಹದಿನೈದು ನಿಮಿಷದಲ್ಲಿ ತಾನೇ ಟ್ಯೂಬ್ ಬದಲಿಸಿದ. ಕೊನೆಯ ಇಪ್ಪತ್ತು ಚಿಲ್ಲರೆ ಕಿ.ಮೀ. ಎದುರುಗಾಳಿ. ನಿಲ್ಲಿಸಿದ್ದೂ ಸೇರಿ ಎಂಟು ಗಂಟೆ ಹತ್ತು ನಿಮಿಷ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಅವಕಾಶ ಇದೆ ಅಂದಮೇಲೆ ಈ ಲೆಕ್ಕ ಧೈರ್ಯ ಕೊಡುವಂಥದ್ದೇ.

ರಾತ್ರಿ ಫೋನಲ್ಲಿ "ಫ್ರೇಮ್ ಬಗ್ಗಿತೇನೋ?" ಅಂತ ಕೇಳಿದೆ. "ಅದ್ಯಾವುದಕ್ಕೂ ಗಮನಾನೇ ಹೋಗಲಿಲ್ಲಣ್ಣ. ಮೊಣಕಾಲು ನೋಯ್ಲಿಲ್ಲ, ಅದು ನೋಡು" ಅಂದ.

ನೀವೂ ಇದೇ ಬಜೆಟ್ಟಿನಲ್ಲಿ ಹುಡುಕ್ತಿದ್ದರೆ, ಅಂಗಡಿಗೆ ಹೋಗುವ ಮೊದಲು ಇವತ್ತು ರಾತ್ರಿ ಒಂದು ದಪ್ಪ ಪುಸ್ತಕ, ಒಂದು ಟೇಪು ತಗೊಂಡು ಕಾಲಿನ ಅಳತೆ ಬರೆದಿಡಿ. ಟೈರಿನ ಜಾಗ, ತಿರುಪಿನ ಬಾಟಮ್ ಬ್ರಾಕೆಟ್, ನಿಮ್ಮ ಸೈಜ್, ಈ ಮೂರೂ ಹೊಂದಿದ ಮೇಲೂ ಎರಡು ಸೈಕಲ್ ಉಳಿದರೆ ಮಾತ್ರ ಬಿಗಿ ಪರೀಕ್ಷೆಗೆ ಪಾದ ಎತ್ತಿ. ಮುಂದಿನ ಸಲ ಚಕ್ರದ ಕಡ್ಡಿ ಎಳೆಯೋದನ್ನು ಮನೆಯಲ್ಲೇ ಕಲಿಯೋದು ಹೇಗೆ ಅಂತ ನೋಡೋಣ.